ಕ್ಲಚ್ ಕೈಕೊಟ್ಟಿತೇ? ತೀರ್ಪಿಗೆ ಮುನ್ನ ಪರೀಕ್ಷೆ ಇರಲಿ

ಗುಂಡ್ಯ ದಾಟಿದ ಕಾರು ಶಿರಾಡಿ ಘಾಟಿಯ ಏರು ಹತ್ತತೊಡಗಿದೆ. ಒಳಗೆ ನಾಲ್ವರು, ಹಿಂದೆ ಡಿಕ್ಕಿ ತುಂಬ ಸಾಮಾನು. ಮುಂದಿನ ಲಾರಿಯನ್ನು ಹಿಂದಿಕ್ಕಲೆಂದು ಚಾಲಕ ಆಕ್ಸಿಲರೇಟರ್ ಒತ್ತುತ್ತಾನೆ. ಎಂಜಿನ್ ಆರ್ಭಟಿಸುತ್ತದೆ, ಕಾರಿನ ವೇಗ ಮಾತ್ರ ಹೆಚ್ಚುವುದಿಲ್ಲ. ಸುಟ್ಟ ಕಾಗದದಂಥ ವಾಸನೆ ಒಳಗೆ ನುಸುಳುತ್ತದೆ. ಎದುರಿನ ತಿರುವಿನಲ್ಲಿ ಬಸ್ಸೊಂದು ಕಾಣಿಸಿಕೊಂಡಿದೆ. ಕಾರು ಇನ್ನೂ ಲಾರಿಯ ಪಕ್ಕದಲ್ಲೇ ಇದೆ.

ಮಂಗಳೂರು-ಬೆಂಗಳೂರು ನಡುವಿನ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಓಡಾಡುವವರಿಗೆ, 14 ಹೇರ್‌ಪಿನ್ ತಿರುವುಗಳ ಆಗುಂಬೆ ಘಾಟಿ ಹತ್ತುವವರಿಗೆ, ಚಾರ್ಮಾಡಿಯಲ್ಲಿ ವಾಹನಗಳ ಸಾಲಿನಲ್ಲಿ ಸಿಲುಕಿದವರಿಗೆ ಈ ಚಿತ್ರ ತೀರಾ ಅಪರಿಚಿತವೇನಲ್ಲ. ಕಾರು ಹೇಗೋ ಊರು ತಲುಪಿ ಗ್ಯಾರೇಜ್ ಸೇರಿದ ಮೇಲೆ ಕೇಳಿಬರುವುದು ಸಾಮಾನ್ಯವಾಗಿ ಒಂದೇ ಸಾಲಿನ ತೀರ್ಪು: ‘ಕ್ಲಚ್ ಹೋಗಿದೆ, ಗೇರ್ ಬಾಕ್ಸ್ ಇಳಿಸಬೇಕು.’

ಈ ತೀರ್ಪು ಎಷ್ಟೋ ಬಾರಿ ಸರಿಯಾಗಿಯೇ ಇರುತ್ತದೆ. ಆದರೆ ಪ್ರತಿ ಬಾರಿಯೂ ಅಲ್ಲ. ಸಡಿಲಿಸಬೇಕಾದ ಒಂದು ಕೇಬಲ್, ಸೋರಿಹೋದ ಒಂದಿಷ್ಟು ದ್ರವ, ಪೆಡಲ್‌ನ ಅಡಿಗೆ ಮುದುಡಿ ಸೇರಿಕೊಂಡ ಕಾಲೊರಸು ಸಹ ‘ಕ್ಲಚ್ ಹೋಗಿದೆ’ ಎಂಬ ಭ್ರಮೆ ಹುಟ್ಟಿಸಬಲ್ಲವು. ಇನ್ನೊಂದೆಡೆ, ನಿಜವಾಗಿಯೂ ಸವೆದ ಕ್ಲಚ್ ಅನ್ನು ‘ಇನ್ನೊಂದು ತಿಂಗಳು ಓಡೀತು’ ಎಂದು ಎಳೆದಾಡಿದರೆ ಘಾಟಿಯ ನಡುವೆ ಪ್ರಾಣಕ್ಕೇ ಸಂಚಕಾರ ಬರಬಹುದು. ಆದ್ದರಿಂದ ಹಣ ತೆರುವ ಮುನ್ನವೂ, ಪ್ರಯಾಣ ಹೊರಡುವ ಮುನ್ನವೂ ದೋಷ ಯಾವುದೆಂದು ಗುರುತಿಸಿಕೊಳ್ಳುವುದು ಜಾಣತನ. ಅದಕ್ಕೆ ಮೆಕ್ಯಾನಿಕ್‌ನ ವಿದ್ಯೆ ಬೇಕಿಲ್ಲ; ಕ್ಲಚ್ ಮಾಡುವ ಕೆಲಸವೇನೆಂಬ ತಿಳಿವಳಿಕೆ ಇದ್ದರೆ ಸಾಕು.

ಮೂರು ತಟ್ಟೆಗಳ ಆಟ

ಕಾರು ನಿಂತಿರುವಾಗಲೂ ಎಂಜಿನ್ ತಿರುಗುತ್ತಲೇ ಇರಬೇಕು. ಚಕ್ರಗಳಾದರೋ ನಿಂತಿರುತ್ತವೆ. ತಿರುಗುವ ಎಂಜಿನ್ನನ್ನು ನಿಂತ ಚಕ್ರಗಳಿಗೆ ಮೆಲ್ಲನೆ ಜೋಡಿಸುವುದು, ಗೇರ್ ಬದಲಿಸುವಾಗ ಕ್ಷಣಕಾಲ ಬೇರ್ಪಡಿಸುವುದು - ಇವೆರಡೇ ಕ್ಲಚ್‌ನ ಕೆಲಸ.

ಎಂಜಿನ್‌ನ ತುದಿಯಲ್ಲಿ ಫ್ಲೈವೀಲ್ ಎಂಬ ಭಾರವಾದ ಲೋಹದ ಚಕ್ರವಿರುತ್ತದೆ. ಅದಕ್ಕೆ ಆತುಕೊಂಡಂತೆ ತಿಂಡಿ ತಟ್ಟೆಯಷ್ಟು ಅಗಲದ ಕ್ಲಚ್ ಪ್ಲೇಟ್. ಇದರ ಎರಡೂ ಮುಖಗಳಿಗೆ ಬ್ರೇಕ್ ಲೈನಿಂಗ್‌ನಂಥ ಒರಟು ಪದಾರ್ಥ ಅಂಟಿಸಲಾಗಿರುತ್ತದೆ. ಅದರ ಹಿಂದೆ ಪ್ರೆಷರ್ ಪ್ಲೇಟ್. ಡಯಾಫ್ರಮ್ ಸ್ಪ್ರಿಂಗ್ ಎಂಬ ಬಲವಾದ ಉಕ್ಕಿನ ಬಿಲ್ಲೆ ಈ ಪ್ರೆಷರ್ ಪ್ಲೇಟನ್ನು ಸದಾ ಒತ್ತಿ ಹಿಡಿದಿರುತ್ತದೆ. ಹೀಗೆ ಎರಡು ಲೋಹದ ಮುಖಗಳ ನಡುವೆ ಸಿಲುಕಿದ ಕ್ಲಚ್ ಪ್ಲೇಟ್ ಎಂಜಿನ್‌ನ ಜತೆಗೇ ತಿರುಗುತ್ತ ಗೇರ್ ಬಾಕ್ಸ್‌ಗೆ ಶಕ್ತಿ ಸಾಗಿಸುತ್ತದೆ.

ಎಡಗಾಲಿನ ಪೆಡಲ್ ಒತ್ತಿದಾಗ ಆಗುವುದು ಇದರ ವಿರುದ್ಧ ಕ್ರಿಯೆ. ಸಣ್ಣ ಕಾರುಗಳು ಹಲವದರಲ್ಲಿ ಉಕ್ಕಿನ ಕೇಬಲ್, ಉಳಿದವುಗಳಲ್ಲಿ ದ್ರವದ ಒತ್ತಡ ಈ ಒತ್ತನ್ನು ರಿಲೀಸ್ ಬೇರಿಂಗ್‌ವರೆಗೆ ಒಯ್ಯುತ್ತದೆ. ಬೇರಿಂಗ್ ಸ್ಪ್ರಿಂಗ್‌ನ ನಡುಭಾಗವನ್ನು ತಳ್ಳುತ್ತದೆ. ಪ್ರೆಷರ್ ಪ್ಲೇಟ್ ಹಿಂದೆ ಸರಿಯುತ್ತದೆ. ನಡುವಿನ ಪ್ಲೇಟ್ ಬಿಡುಗಡೆ ಪಡೆಯುತ್ತದೆ. ಅಂದರೆ ಪೆಡಲ್ ಒತ್ತುವುದು ಕ್ಲಚ್ ಹಿಡಿಸಲು ಅಲ್ಲ, ಬಿಡಿಸಲು. ಈ ಒಂದು ಮಾತು ನೆನಪಿದ್ದರೆ ಮುಂದಿನದೆಲ್ಲ ಸುಲಭ.

ಎರಡು ವಿರುದ್ಧ ಕಾಯಿಲೆಗಳು

ಕ್ಲಚ್‌ಗೆ ಬರುವ ಮುಖ್ಯ ಕಾಯಿಲೆಗಳು ಎರಡೇ. ಒಂದು, ಹಿಡಿಯಬೇಕಾದಾಗ ಹಿಡಿಯದೆ ಜಾರುವುದು. ಇನ್ನೊಂದು, ಬಿಡಬೇಕಾದಾಗ ಪೂರ್ತಿ ಬಿಡದಿರುವುದು. ಎರಡೂ ಪರಸ್ಪರ ವಿರುದ್ಧ. ಕಾರಣಗಳೂ ಬೇರೆ, ಚಿಕಿತ್ಸೆಯೂ ಬೇರೆ, ವೆಚ್ಚವೂ ಬೇರೆ. ಜಾರುವ ಕ್ಲಚ್‌ಗೆ ಬಹುತೇಕ ಗೇರ್ ಬಾಕ್ಸ್ ಇಳಿಸಲೇಬೇಕು. ಬಿಡದ ಕ್ಲಚ್‌ಗೆ ಅನೇಕ ವೇಳೆ ಹೊರಗಿನ ದುರಸ್ತಿಯೇ ಸಾಕು. ಮಾಲೀಕರು ಮೊದಲು ತಿಳಿಯಬೇಕಾದದ್ದು ತಮ್ಮ ಕಾರಿನ ಕಾಯಿಲೆ ಈ ಎರಡರಲ್ಲಿ ಯಾವುದು ಎಂಬುದನ್ನು.

ಜಾರುವಿಕೆಯನ್ನು ಪತ್ತೆಹಚ್ಚುವುದು ಹೇಗೆ?

ಕ್ಲಚ್ ಪೂರ್ತಿ ಹಿಡಿದಿರುವಾಗ ಯಾವುದೇ ಒಂದು ಗೇರಿನಲ್ಲಿ ಎಂಜಿನ್‌ನ ಸುತ್ತುಗಳಿಗೂ ಕಾರಿನ ವೇಗಕ್ಕೂ ನಿಶ್ಚಿತ ಅನುಪಾತವಿರುತ್ತದೆ. ಉದಾಹರಣೆಗೆ, ನಾಲ್ಕನೇ ಗೇರಿನಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಎಂಜಿನ್ ನಿಮಿಷಕ್ಕೆ 1,500 ಸುತ್ತು ತಿರುಗುತ್ತಿದ್ದರೆ, 80 ಕಿ.ಮೀ. ವೇಗದಲ್ಲಿ 3,000 ಸುತ್ತು ತಿರುಗಬೇಕು. ಮುಳ್ಳು 3,000 ತೋರಿಸುತ್ತಿದ್ದರೂ ವೇಗ 65ರ ಆಸುಪಾಸಿನಲ್ಲೇ ಉಳಿದಿದ್ದರೆ, ನಡುವೆ ಕಳೆದುಹೋದ ಶಕ್ತಿ ಶಾಖವಾಗಿ ಕ್ಲಚ್ ಪ್ಲೇಟನ್ನು ಸುಡುತ್ತಿದೆ ಎಂದೇ ಅರ್ಥ.

ಇದನ್ನು ಪರೀಕ್ಷಿಸಲು ವಾಹನಗಳಿಲ್ಲದ ನೇರ ರಸ್ತೆ ಬೇಕು. ನಾಲ್ಕನೇ ಗೇರಿನಲ್ಲಿ ಗಂಟೆಗೆ ಸುಮಾರು 40-50 ಕಿ.ಮೀ. ವೇಗದಲ್ಲಿ ಸಾಗುತ್ತಿರುವಾಗ ಆಕ್ಸಿಲರೇಟರನ್ನು ಚೆನ್ನಾಗಿ ಒತ್ತಬೇಕು. ಆರೋಗ್ಯವಂತ ಕ್ಲಚ್ ಇದ್ದರೆ ಸುತ್ತು ಮತ್ತು ವೇಗ ಜತೆಜತೆಯಾಗಿ, ನಿಧಾನವಾಗಿ ಏರುತ್ತವೆ. ಸುತ್ತು ಮಾತ್ರ ತಟ್ಟನೆ ಹಾರಿ ವೇಗ ಹಿಂದುಳಿದರೆ ಕ್ಲಚ್ ಜಾರುತ್ತಿದೆ. ಏರು ರಸ್ತೆಯಲ್ಲಿ, ತುಂಬಿದ ಕಾರಿನಲ್ಲಿ, ಮೇಲಿನ ಗೇರುಗಳಲ್ಲಿ ಈ ಲಕ್ಷಣ ಮೊದಲು ಕಾಣಿಸಿಕೊಳ್ಳುತ್ತದೆ. ಪಟ್ಟಣದೊಳಗಿನ ಸಮತಟ್ಟು ರಸ್ತೆಯಲ್ಲಿ ‘ಸರಿಯಾಗಿಯೇ ಇದೆ’ ಎನಿಸಿದ ಕಾರು ಘಾಟಿಯಲ್ಲಿ ಕೈಕೊಡುವುದು ಇದೇ ಕಾರಣಕ್ಕೆ.

ಇಲ್ಲೊಂದು ಸೂಕ್ಷ್ಮವಿದೆ. ಆಕ್ಸಿಲರೇಟರ್ ಒತ್ತಿದರೂ ಸುತ್ತು ಮತ್ತು ವೇಗ ಎರಡೂ ಏರದಿದ್ದರೆ ದೋಷ ಕ್ಲಚ್‌ನದಲ್ಲ. ಕಟ್ಟಿಕೊಂಡ ಏರ್ ಫಿಲ್ಟರ್, ಇಂಧನ ಪೂರೈಕೆಯ ತೊಡಕು, ಡೀಸೆಲ್ ಕಾರಾದರೆ ಟರ್ಬೊದ ತೊಂದರೆ - ಇವುಗಳತ್ತ ನೋಡಬೇಕು. ‘ಪಿಕಪ್ ಇಲ್ಲ’ ಎಂಬ ಒಂದೇ ದೂರಿನ ಮೇಲೆ ಕ್ಲಚ್ ಬದಲಿಸಿದರೆ ಹಣ ಹೋದೀತೇ ವಿನಾ ಪಿಕಪ್ ಬಾರದು. ಸುಟ್ಟ ವಾಸನೆಯೂ ಹಾಗೆಯೇ. ಹ್ಯಾಂಡ್ ಬ್ರೇಕ್ ಇಳಿಸದೆ ಓಡಿಸಿದರೂ, ಬ್ರೇಕ್ ಕಚ್ಚಿಕೊಂಡಿದ್ದರೂ ಬಹುತೇಕ ಅದೇ ವಾಸನೆ ಬರುತ್ತದೆ. ಒಂದು ಚಕ್ರದ ಬಳಿ ಮಾತ್ರ ವಿಪರೀತ ಕಾವಿದ್ದರೆ ಸಂಶಯ ಬ್ರೇಕಿನ ಮೇಲಿರಲಿ.

ನಿಂತಲ್ಲೇ ಮಾಡಬಹುದಾದ ಇನ್ನೊಂದು ಪರೀಕ್ಷೆಯೂ ಇದೆ. ಮುಂದೆ ಹಿಂದೆ ಯಾರೂ ಇಲ್ಲದ ಸಮತಟ್ಟು ಜಾಗದಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಕಾಲಿನ ಬ್ರೇಕನ್ನೂ ಒತ್ತಿ ಹಿಡಿದು, ಮೂರನೇ ಗೇರಿಗೆ ಹಾಕಿ ಕ್ಲಚ್ ಪೆಡಲನ್ನು ಮೆಲ್ಲನೆ ಬಿಡಬೇಕು. ಎಂಜಿನ್ ತಟ್ಟನೆ ನಿಂತುಹೋದರೆ ಕ್ಲಚ್ ಹಿಡಿಯುತ್ತಿದೆ. ಪೆಡಲ್ ಪೂರ್ತಿ ಬಿಟ್ಟ ಮೇಲೂ ಎಂಜಿನ್ ಓಡುತ್ತಲೇ ಇದ್ದರೆ ಪ್ಲೇಟ್ ತೀರಾ ಸವೆದಿದೆ. ಆದರೆ ಈ ಪರೀಕ್ಷೆ ಹಿಡಿದುಕೊಡುವುದು ಕೊನೆಯ ಹಂತದ ಸವೆತವನ್ನು ಮಾತ್ರ. ಇದರಲ್ಲಿ ತೇರ್ಗಡೆಯಾದ ಕ್ಲಚ್ ಏರಿನಲ್ಲಿಯೂ ಹಿಡಿದೀತೆಂಬ ಭರವಸೆಯಿಲ್ಲ. ಪದೇಪದೇ ಮಾಡಿದರೆ ಕ್ಲಚ್ ಇನ್ನಷ್ಟು ಸುಡುವುದರಿಂದ ಒಂದು ಬಾರಿ ಮಾಡಿ ಬಿಡುವುದು ಒಳಿತು.

ಜಾರುವಿಕೆಗೆ ಕಾರಣ ಪ್ಲೇಟಿನ ಸವೆತವೇ ಆಗಿರಬೇಕೆಂದಿಲ್ಲ. ಕೇಬಲ್ ಇರುವ ಕಾರುಗಳಲ್ಲಿ ಲೈನಿಂಗ್ ಸವೆದಂತೆಲ್ಲ ಕೇಬಲ್ ಬಿಗಿಯಾಗುತ್ತ ಬರುತ್ತದೆ. ಸಕಾಲಕ್ಕೆ ಸಡಿಲಿಸದಿದ್ದರೆ, ಚಾಲಕ ಪೆಡಲ್ ಮುಟ್ಟದಿದ್ದರೂ ರಿಲೀಸ್ ಬೇರಿಂಗ್ ಸ್ಪ್ರಿಂಗನ್ನು ಸದಾ ತುಸು ಒತ್ತುತ್ತಲೇ ಇರುತ್ತದೆ. ಆಗ ಇನ್ನೂ ಬಾಳಿಕೆ ಉಳಿದಿರುವ ಪ್ಲೇಟ್ ಕೂಡ ಜಾರತೊಡಗುತ್ತದೆ. ಪೆಡಲನ್ನು ಬೆರಳಿನಿಂದ ಒತ್ತಿ ನೋಡಿದಾಗ ಆರಂಭದಲ್ಲಿ ಸ್ವಲ್ಪ ಸಡಿಲ ಇರಬೇಕು. ಎಷ್ಟೆಂಬುದು ಕಾರಿನ ಕೈಪಿಡಿಯಲ್ಲಿರುತ್ತದೆ. ಆ ಸಡಿಲ ಇಲ್ಲವೇ ಇಲ್ಲವೆಂದಾದರೆ ಮೊದಲು ಆಗಬೇಕಾದದ್ದು ಕೇಬಲ್‌ನ ಹೊಂದಾಣಿಕೆ. ಅದು ಕೆಲವೇ ನಿಮಿಷಗಳ ಕೆಲಸ. ಬೇಗ ಗಮನಿಸಿದರೆ ಕ್ಲಚ್ ಉಳಿಯುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಪ್ಲೇಟ್ ಸುಟ್ಟು, ಹೊಂದಾಣಿಕೆಯಿಂದ ಪ್ರಯೋಜನವಾಗದು.

ಬಿಡದ ಕ್ಲಚ್‌ನ ಲಕ್ಷಣ

ಎಂಜಿನ್ ನಿಲ್ಲಿಸಿದಾಗ ಗೇರುಗಳು ಸಲೀಸಾಗಿ ಬೀಳುತ್ತವೆ; ಎಂಜಿನ್ ಓಡುತ್ತಿರುವಾಗ ಮಾತ್ರ ಹಟ ಹಿಡಿಯುತ್ತವೆ. ಇದು ಕ್ಲಚ್ ಪೂರ್ತಿ ಬಿಡುತ್ತಿಲ್ಲವೆಂಬುದರ ಸ್ಪಷ್ಟ ಸೂಚನೆ. ಎಂಜಿನ್ ನಿಂತಿರುವಾಗಲೂ ಗೇರ್ ಬೀಳದಿದ್ದರೆ ತೊಡಕು ಗೇರ್ ಲಿವರ್‌ನ ಜೋಡಣೆಯಲ್ಲೋ ಗೇರ್ ಬಾಕ್ಸ್‌ನಲ್ಲೋ ಇರುವ ಸಂಭವವೇ ಹೆಚ್ಚು. ಪೆಡಲ್ ಪೂರ್ತಿ ಒತ್ತಿ ಐದು ಸೆಕೆಂಡು ಕಾದು ರಿವರ್ಸ್ ಹಾಕಿದಾಗಲೂ ‘ಕರ್ರ್’ ಎಂಬ ಸದ್ದು ಬಂದರೆ, ಪೆಡಲ್ ಒತ್ತಿಯೇ ಇದ್ದರೂ ಕಾರು ಮೆಲ್ಲನೆ ಮುಂದೆ ತೆವಳಿದರೆ ಶಂಕೆ ಬೇಡ.

ಮೊದಲು ಬಗ್ಗಿ ಪೆಡಲ್‌ನ ಅಡಿ ನೋಡಬೇಕು. ಕಾಲೊರಸು ಮಡಚಿಕೊಂಡೋ, ನೀರಿನ ಬಾಟಲಿ ಉರುಳಿಕೊಂಡೋ ಪೆಡಲ್ ತಳ ಮುಟ್ಟದಿರುವುದುಂಟು. ಅದಿಲ್ಲವಾದರೆ ಪೆಡಲನ್ನು ಎರಡು-ಮೂರು ಬಾರಿ ಬೇಗಬೇಗ ಒತ್ತಿ ಬಿಟ್ಟು ಗೇರ್ ಹಾಕಿ ನೋಡಬೇಕು. ಆಗ ಗೇರ್ ಬಿದ್ದರೆ ದೋಷ ದ್ರವದ ಮಾರ್ಗದಲ್ಲಿದೆ: ಗಾಳಿ ಸೇರಿರಬಹುದು, ಅಥವಾ ಪೆಡಲ್ ಬಳಿಯ ಮಾಸ್ಟರ್ ಸಿಲಿಂಡರ್ ಇಲ್ಲವೇ ಗೇರ್ ಬಾಕ್ಸ್ ಬಳಿಯ ಸ್ಲೇವ್ ಸಿಲಿಂಡರ್ ಸೋರುತ್ತಿರಬಹುದು. ಪೆಡಲ್ ಮೆತ್ತಗಾಗುವುದು, ಒತ್ತಿದ್ದು ಮೇಲೆ ಬಾರದೆ ನೆಲಕ್ಕಂಟುವುದು ಇದೇ ಕಾಯಿಲೆಯ ಲಕ್ಷಣ.

ಅನೇಕ ಕಾರುಗಳಲ್ಲಿ ಕ್ಲಚ್‌ಗೆ ದ್ರವ ಪೂರೈಕೆಯಾಗುವುದು ಬ್ರೇಕ್ ದ್ರವದ ಡಬ್ಬಿಯಿಂದಲೇ. ಆದ್ದರಿಂದ ದ್ರವದ ಮಟ್ಟ ಕುಸಿದಿದ್ದರೆ ಅದನ್ನು ಬರೀ ಕ್ಲಚ್‌ನ ಸಮಸ್ಯೆಯೆಂದು ಭಾವಿಸುವಂತಿಲ್ಲ. ಡಬ್ಬಿಯ ಮುಚ್ಚಳದ ಮೇಲೆ ಸೂಚಿಸಿರುವ ಡಾಟ್-3 ಅಥವಾ ಡಾಟ್-4 ದ್ರವವನ್ನೇ ತುಂಬಬೇಕು. ಎಂಜಿನ್ ಆಯಿಲ್ ಹಾಕಿದರೆ ಒಳಗಿನ ರಬ್ಬರ್ ಸೀಲುಗಳೆಲ್ಲ ಊದಿಕೊಂಡು ಕೆಡುತ್ತವೆ. ತುಂಬಿದ ದ್ರವ ಮತ್ತೆ ಇಳಿದರೆ ಸೋರಿಕೆ ಹುಡುಕದೆ ಗತ್ಯಂತರವಿಲ್ಲ.

ಮಳೆಗಾಲಕ್ಕೆ ವಿಶಿಷ್ಟವಾದ ಒಂದು ಕಾರಣವೂ ಇದೆ. ವಾರಗಟ್ಟಲೆ ನಿಂತ ಅಥವಾ ನೆರೆನೀರಿನಲ್ಲಿ ಮುಳುಗಿದ ಕಾರುಗಳಲ್ಲಿ ಕ್ಲಚ್ ಪ್ಲೇಟ್ ತುಕ್ಕು ಹಿಡಿದು ಫ್ಲೈವೀಲ್‌ಗೆ ಅಂಟಿಕೊಳ್ಳುವುದುಂಟು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತಲಿನ ಬಡಾವಣೆಗಳು ಜಲಾವೃತವಾದಾಗ ಕಾರುಗಳ ನೆಲಮಾಳಿಗೆಗಳೇ ಕೆರೆಗಳಾಗಿದ್ದವು. ಅಂಥ ನೀರಿನಿಂದ ಹೊರಬಂದ ಕಾರಿನಲ್ಲಿ ಗೇರ್ ಬೀಳದಿದ್ದರೆ ಪ್ಲೇಟ್ ಸವೆದಿದೆಯೆಂದು ಭಾವಿಸಬೇಕಿಲ್ಲ. ಆದರೆ ನೆರೆಯಲ್ಲಿ ಮುಳುಗಿದ ಕಾರನ್ನು ತಪಾಸಣೆಯಿಲ್ಲದೆ ಚಾಲೂ ಮಾಡುವುದು ಎಂಜಿನ್‌ಗೇ ಅಪಾಯ.

ಸದ್ದು ಮತ್ತು ನಡುಕ

ಪೆಡಲ್ ಒತ್ತಿದಾಗ ಮಾತ್ರ ಕೇಳಿಬರುವ ಕೀರಲು ಸದ್ದು ಸಾಮಾನ್ಯವಾಗಿ ರಿಲೀಸ್ ಬೇರಿಂಗ್‌ನದು. ಪೆಡಲ್ ಬಿಟ್ಟಾಗ ಇದ್ದು, ಒತ್ತಿದೊಡನೆ ಮಾಯವಾಗುವ ಗುಂಯ್‌ಗುಡುವ ಸದ್ದು ಗೇರ್ ಬಾಕ್ಸ್‌ನ ಒಳಗಿನ ಬೇರಿಂಗ್‌ನತ್ತ ಬೊಟ್ಟು ಮಾಡುತ್ತದೆ. ಈ ವ್ಯತ್ಯಾಸವನ್ನು ಮಾಲೀಕರೇ ಗಮನಿಸಿ ಹೇಳಿದರೆ ಮೆಕ್ಯಾನಿಕ್‌ನ ಅರ್ಧ ಶ್ರಮ ಉಳಿಯುತ್ತದೆ.

ಹೊರಡುವಾಗ ಕಾರು ಗಡಗಡ ನಡುಗಿದರೆ ಪ್ಲೇಟಿಗೆ ಎಣ್ಣೆ ತಾಗಿರಬಹುದು, ಫ್ಲೈವೀಲ್‌ನ ಮುಖ ಕಾವಿನಿಂದ ಕೆಟ್ಟಿರಬಹುದು. ಎಂಜಿನ್ ಕೂರುವ ರಬ್ಬರ್ ಮೌಂಟಿಂಗ್‌ಗಳು ಹರಿದಿದ್ದರೂ ಇದೇ ನಡುಕ. ಅವನ್ನು ಪರೀಕ್ಷಿಸಲು ಗೇರ್ ಬಾಕ್ಸ್ ಇಳಿಸಬೇಕಿಲ್ಲವಾದ್ದರಿಂದ ಮೊದಲು ನೋಡಬೇಕಾದದ್ದು ಅವನ್ನೇ.

ನಡುದಾರಿಯಲ್ಲಿ ಕೈಕೊಟ್ಟರೆ

ಏರಿನಲ್ಲಿ ಕ್ಲಚ್ ಜಾರತೊಡಗಿದರೆ ಮೊದಲ ಕೆಲಸ ಹಿಂದಿಕ್ಕುವ ಯತ್ನ ಕೈಬಿಡುವುದು. ಆಕ್ಸಿಲರೇಟರನ್ನು ಇನ್ನಷ್ಟು ಒತ್ತಿದರೆ ಕಾರು ಓಡುವುದಿಲ್ಲ, ಪ್ಲೇಟ್ ಉರಿಯುತ್ತದೆ. ಕೆಳಗಿನ ಗೇರಿಗೆ ಬಂದು ಆಕ್ಸಿಲರೇಟರ್ ಹಗುರಗೊಳಿಸಬೇಕು. ಕೆಳಗಿನ ಗೇರಿನಲ್ಲಿ ಅದೇ ಏರು ಹತ್ತಲು ಕ್ಲಚ್ ಹೊರಬೇಕಾದ ಹೊರೆ ಕಡಿಮೆಯಾಗುವುದರಿಂದ ಸುರಕ್ಷಿತ ಜಾಗದವರೆಗೆ ಸಾಗಲು ಸಾಧ್ಯವಾದೀತು. ತಿರುವು ಕಳೆದು, ಎರಡೂ ಬದಿಯ ವಾಹನಗಳಿಗೆ ಕಾಣುವಂಥ ಅಗಲವಾದ ಜಾಗ ನೋಡಿ ನಿಲ್ಲಿಸಬೇಕು.

ನಿಲ್ಲಿಸಿದ ಮೇಲೆ ಅಪಾಯ ಸೂಚಕ ದೀಪಗಳನ್ನು ಹಾಕಿ, ಪ್ರತಿಫಲಿಸುವ ತ್ರಿಕೋನವನ್ನು ಸಾಕಷ್ಟು ಹಿಂದೆ ಇರಿಸಿ, ಪ್ರಯಾಣಿಕರನ್ನು ರಸ್ತೆಯಿಂದ ದೂರ ಇಳಿಸಬೇಕು. ಇಳಿಜಾರಿನಲ್ಲಿ ಕಾರು ನಿಲ್ಲಿಸಿದಾಗ ಗೇರಿನಲ್ಲಿ ಬಿಡುವುದು ರೂಢಿ. ಜಾರುವ ಕ್ಲಚ್ ಆ ಹಿಡಿತವನ್ನೂ ಕೊಡಲಾರದು. ಹ್ಯಾಂಡ್ ಬ್ರೇಕ್ ಜತೆಗೆ ಚಕ್ರಕ್ಕೆ ಕಲ್ಲು ಕೊಡುವುದನ್ನು ಮರೆಯಬಾರದು. ಹೊರಡುವಾಗ ಆ ಕಲ್ಲನ್ನು ರಸ್ತೆಯಿಂದ ತೆಗೆಯುವುದನ್ನೂ.

ವಾಹನ ದಟ್ಟಣೆಯಲ್ಲಿ ಬಹಳ ಹೊತ್ತು ಏರಿನಲ್ಲಿ ತೆವಳಿದ ಪರಿಣಾಮವಾಗಿ ಒಳ್ಳೆಯ ಕ್ಲಚ್ ಕೂಡ ಬಿಸಿಯಾಗಿ ವಾಸನೆ ಬರುವುದುಂಟು. ಅಂಥ ಸಂದರ್ಭದಲ್ಲಿ ಅರ್ಧ ಗಂಟೆ ಆರಲು ಬಿಟ್ಟರೆ ಹಿಡಿತ ಮರಳಬಹುದು. ಮರಳಿದರೂ ಮುಂದಿನ ದಿನಗಳಲ್ಲಿ ಮೇಲೆ ಹೇಳಿದ ಪರೀಕ್ಷೆ ಮಾಡಿಸುವುದು ಉಚಿತ. ಆರಿದ ಮೇಲೂ ಜಾರುತ್ತಿದ್ದರೆ ಮುಂದುವರಿಯುವ ಸಾಹಸ ಬೇಡ. ಪೂರ್ತಿ ಕೆಟ್ಟ ಕ್ಲಚ್ ಇಳಿಜಾರಿನಲ್ಲಿ ಎಂಜಿನ್‌ನ ತಡೆಯನ್ನೂ ಕಸಿದುಕೊಳ್ಳುತ್ತದೆ. ಆಗ ಇಡೀ ಭಾರ ಬ್ರೇಕುಗಳ ಮೇಲೆ ಬೀಳುತ್ತದೆ. ಉದ್ದದ ಇಳಿಜಾರಿನಲ್ಲಿ ಕಾದ ಬ್ರೇಕುಗಳು ನೆಚ್ಚಿಕೊಳ್ಳುವಂಥವಲ್ಲ.

ಕ್ಲಚ್ ಬಿಡದಿರುವ ಕಾರಿನ ಪರಿಸ್ಥಿತಿ ಬೇರೆ. ಕೇಬಲ್ ತುಂಡಾದಾಗ ನಿಂತ ಕಾರನ್ನು ಗೇರಿಗೆ ಹಾಕುವುದೇ ಅಸಾಧ್ಯವೆನಿಸುತ್ತದೆ. ರೈಲ್ವೆ ಗೇಟಿನ ನಡುವೆಯೋ ತಿರುವಿನಲ್ಲೋ ಸಿಲುಕಿದ್ದರೆ ಎಂಜಿನ್ ನಿಲ್ಲಿಸಿ, ಒಂದನೇ ಗೇರಿಗೆ ಹಾಕಿ, ಕೀಲಿ ತಿರುಗಿಸಿದರೆ ಸ್ಟಾರ್ಟರ್ ಮೋಟಾರಿನ ಬಲದಿಂದಲೇ ಕಾರು ಕುಪ್ಪಳಿಸುತ್ತ ಮುಂದೆ ಸಾಗುತ್ತದೆ. ಪೆಡಲ್ ಒತ್ತದೆ ಚಾಲೂ ಆಗದ ಕಾರುಗಳಲ್ಲಿ ಪೆಡಲ್ ಒತ್ತಿಯೇ ಇದನ್ನು ಮಾಡಬಹುದು. ಕೇಬಲ್ ತುಂಡಾಗಿರುವುದರಿಂದ ಪೆಡಲ್ ಒತ್ತಿದರೂ ಕ್ಲಚ್ ಹಿಡಿದೇ ಇರುತ್ತದೆ. ಅಪಾಯದ ಜಾಗದಿಂದ ಪಾರಾಗಲು ಮಾತ್ರ ಈ ಉಪಾಯ. ಊರು ಸೇರಲು ಅಲ್ಲ.

ರಾಷ್ಟ್ರೀಯ ಹೆದ್ದಾರಿಗಳಲ್ಲಿ ನೆರವಿಗೆ 1033, ಎಲ್ಲ ತುರ್ತು ಸಂದರ್ಭಗಳಿಗೆ 112 ಸಂಖ್ಯೆಗಳಿವೆ. ಘಾಟಿಗಳ ಅನೇಕ ಭಾಗಗಳಲ್ಲಿ ಮೊಬೈಲ್ ಸಂಕೇತ ಸಿಗದು. ಹೀಗಾಗಿ ಸಂಶಯವಿರುವ ಕಾರನ್ನು ಏರು ಆರಂಭವಾಗುವ ಮುನ್ನವೇ ನಿಲ್ಲಿಸುವುದು ವಿವೇಕ. ಕಾರನ್ನು ಸಾಗಿಸಬೇಕಾದಾಗ ಚಪ್ಪಟೆ ಹಾಸಿನ ವಾಹನದ ಮೇಲೆ ಏರಿಸಿ ಒಯ್ಯುವುದು ಎಲ್ಲಕ್ಕಿಂತ ಸುರಕ್ಷಿತ.

ಗ್ಯಾರೇಜ್‌ನಲ್ಲಿ ಕೇಳಬೇಕಾದದ್ದು

ಕ್ಲಚ್ ದುರಸ್ತಿಯ ಬಿಲ್ಲಿನಲ್ಲಿ ಬಿಡಿಭಾಗಗಳಷ್ಟೇ ತೂಕ ಕೂಲಿಗೂ ಇರುತ್ತದೆ. ಗೇರ್ ಬಾಕ್ಸ್ ಇಳಿಸದೆ ಪ್ಲೇಟ್ ಕೈಗೆ ಸಿಗುವುದಿಲ್ಲ. ಸಣ್ಣ ಕಾರುಗಳಲ್ಲಿ ಇದು ಸಾವಿರಗಳ ಲೆಕ್ಕ. ಇತ್ತೀಚಿನ ಅನೇಕ ಡೀಸೆಲ್ ಕಾರುಗಳಲ್ಲಿರುವ ಡ್ಯುಯಲ್ ಮಾಸ್ ಫ್ಲೈವೀಲ್ ಕೂಡ ಕೆಟ್ಟಿದ್ದರೆ ಹತ್ತಾರು ಸಾವಿರದ ಮಾತು. ಆದ್ದರಿಂದ ಒಪ್ಪಿಗೆ ಕೊಡುವ ಮುನ್ನ ಮೆಕ್ಯಾನಿಕ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿಬರುವುದು ಅಗತ್ಯ. ಕಾರು ಜಾರುತ್ತಿದೆಯೇ, ಬಿಡುತ್ತಿಲ್ಲವೇ ಎಂಬುದು ಇಬ್ಬರಿಗೂ ಒಪ್ಪಿತವಾಗಬೇಕು. ಬಿಡದ ಕ್ಲಚ್ ಆದರೆ ಕೇಬಲ್ ಅಥವಾ ದ್ರವದ ಮಾರ್ಗವನ್ನು ಪರೀಕ್ಷಿಸಿದ ನಂತರವೇ ಗೇರ್ ಬಾಕ್ಸ್ ಮಾತು.

ಗೇರ್ ಬಾಕ್ಸ್ ಇಳಿಸಲೇಬೇಕಾದರೆ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಿಸುವುದು ದುಂದಲ್ಲ. ಬೇರಿಂಗ್ ಉಳಿಸಿಕೊಂಡು ಆರು ತಿಂಗಳಲ್ಲಿ ಅದು ಕೂಗತೊಡಗಿದರೆ ಅದೇ ಕೂಲಿ ಮತ್ತೊಮ್ಮೆ ತೆರಬೇಕಾಗುತ್ತದೆ. ಫ್ಲೈವೀಲ್‌ನ ಮುಖದಲ್ಲಿ ನೀಲಿ ಕಲೆಗಳು, ಬಿರುಕುಗಳು ಇವೆಯೇ ಎಂದು ನೋಡಿಸಬೇಕು. ಒಳಗೆ ಎಣ್ಣೆಯ ಜಿಡ್ಡು ಕಂಡರೆ ಎಂಜಿನ್‌ನ ಹಿಂಬದಿಯ ಅಥವಾ ಗೇರ್ ಬಾಕ್ಸ್‌ನ ಆಯಿಲ್ ಸೀಲ್ ಸೋರುತ್ತಿದೆ ಎಂದರ್ಥ. ಸೀಲ್ ಬದಲಿಸದೆ ಹೊಸ ಪ್ಲೇಟ್ ಹಾಕಿದರೆ ಅದೂ ಜಿಡ್ಡು ಕುಡಿದು ಜಾರುತ್ತದೆ. ಹಳೆಯ ಲೈನಿಂಗ್‌ಗಳಲ್ಲಿ ಆಸ್‌ಬೆಸ್ಟಾಸ್ ಇರುತ್ತಿದ್ದ ಕಾರಣ ಒಳಗಿನ ಧೂಳನ್ನು ಗಾಳಿಯಿಂದ ಊದಿಸದೆ ಒದ್ದೆ ಬಟ್ಟೆಯಿಂದ ಒರೆಸುವುದು ಮೆಕ್ಯಾನಿಕ್‌ನ ಶ್ವಾಸಕೋಶಕ್ಕೂ ಕ್ಷೇಮ.

ಕಳಚಿದ ಹಳೆಯ ಭಾಗಗಳನ್ನು ತೋರಿಸುವಂತೆ ಮೊದಲೇ ಹೇಳಿಡಬೇಕು. ಲೈನಿಂಗ್ ರಿವೆಟ್‌ಗಳ ಮಟ್ಟಕ್ಕೆ ಸವೆದಿದ್ದರೆ ಬದಲಾವಣೆ ನ್ಯಾಯವಾದದ್ದೇ. ರಿವೆಟ್‌ಗಳು ಇನ್ನೂ ಆಳದಲ್ಲಿದ್ದು, ಮುಖ ಒಣಗಿದ್ದು, ಸುಟ್ಟ ಕಲೆ ಇಲ್ಲದಿದ್ದರೆ ‘ಜಾರಿದ್ದು ಏಕೆ?’ ಎಂಬ ಪ್ರಶ್ನೆ ಕೇಳುವ ಹಕ್ಕು ಮಾಲೀಕರದು. ಅಂದಾಜು ಪಟ್ಟಿಯೂ ಬಿಲ್ಲೂ ಬರಹದಲ್ಲಿರಲಿ. ಸೇವೆಯಲ್ಲಿ ಲೋಪವಾದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಜಿಲ್ಲಾ ಗ್ರಾಹಕ ಆಯೋಗದ ಮೊರೆ ಹೋಗಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲೆಲ್ಲ ಮಾತಿಗಿಂತ ಕಾಗದಕ್ಕೆ ಬೆಲೆ ಹೆಚ್ಚು. ಸಾಮಾನ್ಯ ವಾಹನ ವಿಮೆ ಸವೆತಕ್ಕೂ ಯಾಂತ್ರಿಕ ವೈಫಲ್ಯಕ್ಕೂ ಪರಿಹಾರ ಕೊಡುವುದಿಲ್ಲವೆಂಬುದೂ ತಿಳಿದಿರಲಿ.

ಹೊಸ ಕ್ಲಚ್ ಹಾಕಿಸಿದ ಮೇಲೆ ಮೊದಲ ಕೆಲವು ನೂರು ಕಿ.ಮೀ. ಮೃದುವಾಗಿ ಓಡಿಸಿದರೆ ಮುಖಗಳು ಪರಸ್ಪರ ಹೊಂದಿಕೊಳ್ಳುತ್ತವೆ. ಕ್ಲಚ್ ಬದಲಿಸಿದ ಮರುದಿನವೇ ತುಂಬಿದ ಕಾರಿನಲ್ಲಿ ಘಾಟಿ ಹತ್ತುವುದು ತರವಲ್ಲ.

‘ಹಾಫ್ ಕ್ಲಚ್’ ಎಂಬ ದುಬಾರಿ ಅಭ್ಯಾಸ

ಒಬ್ಬರ ಕ್ಲಚ್ ಒಂದು ಲಕ್ಷ ಕಿ.ಮೀ. ದಾಟಿಯೂ ಗಟ್ಟಿಯಾಗಿರುತ್ತದೆ, ಅದೇ ಮಾದರಿಯ ಇನ್ನೊಬ್ಬರ ಕಾರಿನಲ್ಲಿ ಅದರ ಅರ್ಧಕ್ಕೇ ಸೋಲುತ್ತದೆ. ವ್ಯತ್ಯಾಸವಿರುವುದು ಹೆಚ್ಚಾಗಿ ಎಡಗಾಲಿನಲ್ಲಿ. ಚಾಲನಾ ತರಬೇತಿ ಶಾಲೆಗಳಲ್ಲಿ ಮೊದಲ ದಿನವೇ ಕಲಿಸುವ ‘ಹಾಫ್ ಕ್ಲಚ್’ ಹೊರಡಲು ಬೇಕಾದ ವಿದ್ಯೆ. ಅದೇ ನಿಲ್ಲುವ ವಿದ್ಯೆಯಾದಾಗ ತೊಂದರೆ ಶುರು.

ಒಂದು ಸರಳ ಲೆಕ್ಕ ಇದನ್ನು ಸ್ಪಷ್ಟಪಡಿಸುತ್ತದೆ. ಪ್ರಯಾಣಿಕರೂ ಸೇರಿ 1,200 ಕಿಲೋ ತೂಗುವ ಕಾರು ಸಮತಟ್ಟು ರಸ್ತೆಯಲ್ಲಿ ನಿಂತಲ್ಲಿಂದ ಹೊರಟು ಗಂಟೆಗೆ 15 ಕಿ.ಮೀ. ವೇಗ ತಲುಪುವಷ್ಟರಲ್ಲಿ ಕ್ಲಚ್ ನುಂಗುವ ಶಾಖ ಸುಮಾರು 10 ಕಿಲೋಜೂಲ್. ಅದೇ ಕಾರನ್ನು 10 ಅಡಿಗೆ 1 ಅಡಿ ಏರುವ ರಸ್ತೆಯಲ್ಲಿ ಬ್ರೇಕ್ ಹಾಕದೆ ಬರೀ ಹಾಫ್ ಕ್ಲಚ್‌ನಿಂದ ಹಿಡಿದು ನಿಲ್ಲಿಸಿದರೆ ಸುಮಾರು 3 ಕಿಲೋವ್ಯಾಟ್ ಶಾಖ ಹುಟ್ಟುತ್ತದೆ. ಬಚ್ಚಲುಮನೆಯ 2 ಕಿಲೋವ್ಯಾಟ್ ಗೀಸರ್‌ಗಿಂತ ಹೆಚ್ಚು. ಹೀಗೆ 20 ಸೆಕೆಂಡು ನಿಂತರೆ 60 ಕಿಲೋಜೂಲ್. ಒಂದಿಂಚೂ ಸಾಗದೆ ಆರು ಬಾರಿ ಹೊರಟಷ್ಟು ಕಾವು ಪ್ಲೇಟಿಗೆ ತಗಲುತ್ತದೆ. ಮೇಲ್ಸೇತುವೆಯ ಏರಿನಲ್ಲಿ ಸಂಜೆಯ ದಟ್ಟಣೆಯೊಳಗೆ ಇದು ಎಷ್ಟು ಬಾರಿ ನಡೆಯುತ್ತದೆಂಬುದನ್ನು ಬೆಂಗಳೂರಿಗರಿಗೆ ಹೇಳಬೇಕಾಗಿಲ್ಲ.

ಪರಿಹಾರ ಕಷ್ಟದ್ದಲ್ಲ. ಏರಿನಲ್ಲಿ ನಿಂತಾಗ ಹ್ಯಾಂಡ್ ಬ್ರೇಕ್ ಎಳೆದು, ಹೊರಡುವಾಗ ಕ್ಲಚ್ ಹಿಡಿಯತೊಡಗಿದ ಮೇಲೆ ಇಳಿಸಬೇಕು. ಸಿಗ್ನಲ್‌ನಲ್ಲಿ ನ್ಯೂಟ್ರಲ್‌ಗೆ ತಂದು ಪೆಡಲ್ ಬಿಡಬೇಕು. ಒತ್ತಿಯೇ ಕೂತರೆ ರಿಲೀಸ್ ಬೇರಿಂಗ್ ಸವೆಯುತ್ತದೆ. ಓಡುವ ಕಾರಿನಲ್ಲಿ ಎಡಪಾದ ಪೆಡಲ್ ಮೇಲೆ ವಿಶ್ರಮಿಸಬಾರದು. ಎರಡನೇ ಗೇರಿನಲ್ಲಿ ಹೊರಡುವ ಸೋಮಾರಿತನ ಬೇಡ. ದಟ್ಟಣೆಯಲ್ಲಿ ಮುಂದಿನ ವಾಹನ ಒಂದಡಿ ಸರಿದಾಗಲೆಲ್ಲ ಒಂದಡಿ ಸರಿಯುವ ಬದಲು, ನಾಲ್ಕಾರು ಮಾರು ಜಾಗವಾದ ಮೇಲೆ ಒಮ್ಮೆಗೆ ಸಾಗಿದರೆ ಕ್ಲಚ್‌ನ ಆಯುಸ್ಸು ಉಳಿಯುತ್ತದೆ. ಘಾಟಿ ಇಳಿಯುವಾಗ ಕ್ಲಚ್ ಒತ್ತಿಕೊಂಡೋ ನ್ಯೂಟ್ರಲ್‌ನಲ್ಲೋ ಜಾರಿಬಿಡುವುದಂತೂ ಯಾವ ಕಾಲಕ್ಕೂ ಸಲ್ಲದು.

ಕ್ಲಚ್ ಎಂಬುದು ಸವೆಯಲೆಂದೇ ಮಾಡಿದ ಭಾಗ. ಅದು ಒಂದು ದಿನ ಮುಗಿಯುವುದು ಖಚಿತ. ಆದರೆ ಸಾಮಾನ್ಯವಾಗಿ ಮುನ್ಸೂಚನೆ ಕೊಡದೆ ಮುಗಿಯುವುದಿಲ್ಲ. ನಾಲ್ಕನೇ ಗೇರಿನಲ್ಲಿ ಒಮ್ಮೆ ಹಾರಿದ ಮುಳ್ಳು, ರಿವರ್ಸ್ ಹಾಕುವಾಗ ಕೇಳಿದ ಒಂದು ‘ಕರ್ರ್’ - ಇವೇ ಆ ಸೂಚನೆಗಳು. ದಸರಾ ರಜೆಗೆ ಊರಿಗೆ ಹೊರಡುವ ಹಿಂದಿನ ಭಾನುವಾರ ಊರಾಚೆಯ ಖಾಲಿ ರಸ್ತೆಯಲ್ಲಿ ಕಳೆದ ಹತ್ತು ನಿಮಿಷ, ಘಾಟಿಯ ತಿರುವಿನಲ್ಲಿ ಮಕ್ಕಳೊಂದಿಗೆ ಮಳೆಯಲ್ಲಿ ನಿಲ್ಲುವ ಹಲವು ಗಂಟೆಗಳನ್ನು ತಪ್ಪಿಸಬಲ್ಲದು.